ಸಣ್ಣ ಪಿನ್ನಿಗೆ ದಪ್ಪ ತಂತಿ: ಏವಿಯಾನಿಕ್ಸ್ ವೈರಿಂಗಿನಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣದ ನಕ್ಷೆಯಲ್ಲಿ ವಿದ್ಯುತ್ ಪೂರೈಕೆಗೆ 18 ಗೇಜ್ ತಂತಿ ಎಂದು ಬರೆದಿರುತ್ತದೆ. ಆದರೆ ಅದೇ ಉಪಕರಣದ ಹೈ ಡೆನ್ಸಿಟಿ ಡಿ-ಸಬ್ ಕನೆಕ್ಟರಿಗೆ ಬರುವ 22ಡಿ ಅಳತೆಯ ಪಿನ್ನಿನ ಬ್ಯಾರೆಲ್ (ತಂತಿಯನ್ನು ತೂರಿಸುವ ಹಿಂಬದಿಯ ಕೊಳವೆ) ಒಳಗೆ 22ರಿಂದ 28 ಗೇಜಿನ ತಂತಿ ಮಾತ್ರ ಹೋಗುತ್ತದೆ. ಗೇಜ್ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುವುದರಿಂದ ಈ ಅಂತರ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು: 22 ಗೇಜಿನ ತಾಮ್ರದ ಅಡ್ಡಕೊಯ್ತ ಸುಮಾರು 0.33 ಚದರ ಮಿಲಿಮೀಟರ್, 18 ಗೇಜಿನದು ಸುಮಾರು 0.82.

ಇಲ್ಲಿ ಮೊದಲು ಕೈ ಹೋಗುವುದು ಕಟ್ಟರ್ ಕಡೆಗೆ. ತಂತಿಯ ಹತ್ತೊಂಬತ್ತು ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸಿದರೆ ಉಳಿದವು ಒಳಗೆ ಹೋಗುತ್ತವೆ, ಕ್ರಿಂಪ್ (ಬ್ಯಾರೆಲ್ಲನ್ನು ಅದುಮಿ ತಂತಿಯನ್ನು ಹಿಡಿಸುವ ಜೋಡಣೆ) ಕೂಡ ನೋಡಲು ಚೆನ್ನಾಗಿಯೇ ಇರುತ್ತದೆ. ಆಗಾಗ ಸದ್ದಡಗುತ್ತಿದ್ದ ರೇಡಿಯೊ ಒಂದರ ಕನೆಕ್ಟರನ್ನು ನಾನೊಮ್ಮೆ ಬಿಚ್ಚಿದಾಗ ಸಿಕ್ಕಿದ್ದು ಇಂಥದೇ ಕೆಲಸ. ಕತ್ತರಿಸಿದ ಎಳೆಗಳ ತುದಿಗಳು ಹೊದಿಕೆಯ ಬಾಯಿಯಿಂದ ಮೀಸೆಯಂತೆ ಹೊರಚಾಚಿದ್ದವು, ಉಳಿದ ಎಳೆಗಳಲ್ಲಿ ಮೂರು ಬ್ಯಾರೆಲ್ಲಿನ ಅಂಚಿನಲ್ಲಿ ಕಂಪನಕ್ಕೆ ಮುರಿದಿದ್ದವು. ಅಕ್ಕಪಕ್ಕದ ಪಿನ್ನುಗಳ ನಡುವೆ ಎರಡೂವರೆ ಮಿಲಿಮೀಟರೂ ಇಲ್ಲದ ಜಾಗದಲ್ಲಿ ಅಂಥ ಒಂದೇ ಒಂದು ಎಳೆ ಶಾರ್ಟ್ ಸರ್ಕ್ಯೂಟಿಗೆ ಸಾಕು. ಬ್ಯಾರೆಲ್ಲನ್ನು ಡ್ರಿಲ್ ಹಾಕಿ ಅಗಲ ಮಾಡುವುದೂ ಸಲ್ಲದು, ಏಕೆಂದರೆ ಲೇಪನ ಕಿತ್ತುಹೋಗಿ, ಗೋಡೆ ತೆಳುವಾಗಿ, ಕ್ರಿಂಪ್ ಮಾಡಿದಾಗ ಬಿರುಕು ಬಿಡುತ್ತದೆ. ಎಳೆಗಳಿಗೆ ಮೊದಲೇ ಬೆಸುಗೆ ಹಾಕಿ ಆಮೇಲೆ ಕ್ರಿಂಪ್ ಮಾಡಿದರೆ, ಒತ್ತಡದ ಕೆಳಗೆ ಮೆತ್ತನೆಯ ಬೆಸುಗೆ ನಿಧಾನವಾಗಿ ಸರಿದು ಹಿಡಿತ ಸಡಿಲವಾಗುತ್ತದೆ. ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಸೆಟೆದುಕೊಂಡು ಅಲ್ಲಿಯೇ ಮುರಿಯುತ್ತದೆ.

ಪಿನ್ನನ್ನು ಮುಟ್ಟುವ ಮೊದಲು ದಪ್ಪ ತಂತಿ ನಿಜಕ್ಕೂ ಏಕೆ ಬೇಕಾಗಿದೆ ಎಂದು ಲೆಕ್ಕ ಹಾಕಬೇಕು. ಬಹುತೇಕ ಸಂದರ್ಭಗಳಲ್ಲಿ ಅದಕ್ಕೆ ಕಾರಣ ತಂತಿ ಬಿಸಿಯಾಗುವುದಲ್ಲ, ಉದ್ದದ ದಾರಿಯಲ್ಲಿ ಆಗುವ ವೋಲ್ಟೇಜ್ ನಷ್ಟ. 22 ಗೇಜಿನ ತಂತಿಗೆ ಮೀಟರಿಗೆ ಸುಮಾರು 53 ಮಿಲಿಓಮ್ ರೋಧವಿದೆ. ಆರು ಮೀಟರ್ ಉದ್ದದಲ್ಲಿ 3 ಆಂಪಿಯರ್ ಹರಿದರೆ ಹತ್ತಿರ ಹತ್ತಿರ ಒಂದು ವೋಲ್ಟ್ ಕಳೆದುಹೋಗುತ್ತದೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1998ರಲ್ಲಿ ಹೊರತಂದ ಎಸಿ 43.13-1ಬಿ ಕೈಪಿಡಿಯ ಪ್ರಕಾರ, ನಿರಂತರವಾಗಿ ಕೆಲಸ ಮಾಡುವ ಉಪಕರಣಕ್ಕೆ 14 ವೋಲ್ಟಿನ ವ್ಯವಸ್ಥೆಯಲ್ಲಿ ಅರ್ಧ ವೋಲ್ಟ್, 28 ವೋಲ್ಟಿನಲ್ಲಿ ಒಂದು ವೋಲ್ಟ್ ನಷ್ಟಕ್ಕಷ್ಟೇ ಅವಕಾಶ. ಅದೇ ದಾರಿಗೆ 18 ಗೇಜ್ ಹಾಕಿದರೆ ನಷ್ಟ 0.4 ವೋಲ್ಟಿನ ಒಳಗೆ ನಿಲ್ಲುತ್ತದೆ. ಈಗ ಕೊನೆಯ ಹದಿನೈದು ಸೆಂಟಿಮೀಟರನ್ನು ಮಾತ್ರ 22 ಗೇಜಿನಲ್ಲಿ ಮುಗಿಸಿದರೆ ಆ ತುಂಡಿನಲ್ಲಿ ಆಗುವ ನಷ್ಟ 24 ಮಿಲಿವೋಲ್ಟ್ ಮಾತ್ರ. ಇದನ್ನು ಕಂಡ ಮೇಲೆ ದಪ್ಪ ತಂತಿಯನ್ನು ಪಿನ್ನಿನ ತನಕ ಒಯ್ಯುವ ಹಟಕ್ಕೆ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ನಾನು ನೆಚ್ಚುವ ವಿಧಾನವೆಂದರೆ ಪಿನ್ನಿಗೆ ಹೊಂದುವ ತಂತಿಯ ಚಿಕ್ಕ ತುಂಡೊಂದನ್ನು ಕನೆಕ್ಟರಿನಿಂದ ಹೊರತಂದು, ಅಲ್ಲಿ ದಪ್ಪ ತಂತಿಗೆ ಸ್ಪ್ಲೈಸ್ ಮಾಡುವುದು, ಅಂದರೆ ತುದಿಗೆ ತುದಿ ಕೂಡಿಸುವುದು. ಕನೆಕ್ಟರಿನಿಂದ 12 ಇಂಚಿನೊಳಗೆ ಸ್ಪ್ಲೈಸ್ ಇರಬಾರದು ಎಂದು ಅದೇ ಕೈಪಿಡಿ ಹೇಳಿದರೂ, ಪಿನ್ನಿನ ಬ್ಯಾರೆಲ್ಲಿಗೆ ತಂತಿಯ ಅಳತೆ ಹೊಂದಿಸಲು ಮಾಡುವ ಸ್ಪ್ಲೈಸಿಗೆ ವಿನಾಯಿತಿ ಕೊಟ್ಟಿದೆ. ವಿಮಾನದ ಅಥವಾ ಉಪಕರಣದ ತಯಾರಕರ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ.

ಸ್ಪ್ಲೈಸ್ ಆರಿಸುವಾಗ ಎರಡೂ ಬದಿಯ ತಂತಿಗಳು ಅದರ ವ್ಯಾಪ್ತಿಯೊಳಗೆ ಬರಬೇಕು. ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಮೊಹರಾಗುವ ಕ್ರಿಂಪ್ ಸ್ಪ್ಲೈಸುಗಳಲ್ಲಿ ಕೆಂಪು 26ರಿಂದ 20, ನೀಲಿ 20ರಿಂದ 16, ಹಳದಿ 16ರಿಂದ 12 ಗೇಜಿಗೆ ಹೊಂದುತ್ತವೆ. 18 ಗೇಜ್ ನೀಲಿಗೆ ಸರಿ, ಆದರೆ ಒಂಟಿ 22 ಗೇಜ್ ಅದರಲ್ಲಿ ಸಡಿಲ. ಉಪಕರಣದಲ್ಲಿ ವಿದ್ಯುತ್ತಿಗೆ ಎರಡು ಪಿನ್ ಕೊಟ್ಟಿದ್ದರೆ ಎರಡು 22 ಗೇಜ್ ತುಂಡುಗಳನ್ನು ಒಟ್ಟಿಗೆ ಆ ಬದಿಗೆ ಹಾಕಬಹುದು. ಒಂದೇ ಪಿನ್ ಇದ್ದು, ಸ್ಪ್ಲೈಸ್ ತಯಾರಕರ ಸೂಚನೆ ಒಪ್ಪಿದರೆ, ಸುಲಿದ ತುದಿಯನ್ನು ಮಡಚಿ ದಪ್ಪ ಮಾಡಿಕೊಳ್ಳಬಹುದು. ಕ್ರಿಂಪ್ ಆದ ಮೇಲೆ ಸ್ಪ್ಲೈಸಿನ ಜೊತೆ ಬರುವ ಮೊಹರಿನ ಕೊಳವೆಯನ್ನು ಅದರ ಮಧ್ಯದಲ್ಲಿಟ್ಟು ಬಿಸಿಗಾಳಿ ಕೊಡಬೇಕು. ಎರಡೂ ತುದಿಗಳಲ್ಲಿ ಮೊಹರಿನ ವಸ್ತು ಕರಗಿ ತಂತಿಯ ಸುತ್ತ ಉಂಗುರದಂತೆ ಕೂರುವುದು ಕಾಣಿಸಬೇಕು. ಸ್ಪ್ಲೈಸ್ ಬ್ಯಾಕ್‌ಶೆಲ್ಲಿನ (ಕನೆಕ್ಟರಿನ ಹಿಂಬದಿಯ ಕವಚ) ಹಿಡಿಕೆಯ ಕೆಳಗಾಗಲಿ, ತಂತಿ ಬಾಗುವ ಕಡೆಯಾಗಲಿ ಬರಕೂಡದು. ಮೂರು ನಾಲ್ಕು ಸ್ಪ್ಲೈಸ್ ಇದ್ದರೆ ಒಂದರ ಪಕ್ಕ ಒಂದು ಇಡದೆ ಹಿಂದೆ ಮುಂದೆ ಸರಿಸಿ ಇಡಬೇಕು, ಇಲ್ಲದಿದ್ದರೆ ತಂತಿಗಳ ಕಂತೆ ಅಲ್ಲಿ ಹಾವು ಇಲಿ ನುಂಗಿದಂತೆ ಉಬ್ಬುತ್ತದೆ.

ಮುಂಭಾಗ ಸಣ್ಣ ಪಿನ್ನಿನದೇ ಇದ್ದು, ಹಿಂದಿನ ಬ್ಯಾರೆಲ್ ಒಂದು ಅಳತೆ ದೊಡ್ಡದಿರುವ ವಿಶೇಷ ಪಿನ್ನುಗಳೂ ಸಿಗುತ್ತವೆ. ಅವುಗಳ ಬ್ಯಾರೆಲ್ ಕನೆಕ್ಟರಿನ ರಂಧ್ರದೊಳಗೆ ಮುಳುಗದೆ ಹಿಂದೆ ಬರಿದಾಗಿ ನಿಲ್ಲುವುದರಿಂದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹೊದಿಸಲೇಬೇಕು. ಒಂದೆರಡು ತಂತಿಗಳಿಗೆ ಇದು ಸರಿಯಾದ ಉಪಾಯ. ಅಕ್ಕಪಕ್ಕ ಐದಾರು ಬಂದರೆ ಜಾಗ ಸಾಲದು.

ಸಣ್ಣ ತುಂಡು ಸೇರಿದ ಕೂಡಲೇ ಬ್ರೇಕರಿನ (ವಿದ್ಯುತ್ ಮಿತಿ ಮೀರಿದರೆ ಸರ್ಕ್ಯೂಟ್ ಕಡಿಯುವ ಸಾಧನ) ಲೆಕ್ಕ ಬದಲಾಗುತ್ತದೆ ಎಂಬುದನ್ನು ಅನುಭವಿಗಳೂ ಮರೆಯುತ್ತಾರೆ. ಬ್ರೇಕರ್ ಕಾಯಬೇಕಾದದ್ದು ದಾರಿಯಲ್ಲಿರುವ ಅತಿ ತೆಳ್ಳನೆಯ ತಂತಿಯನ್ನು. ಎಸಿ 43.13-1ಬಿ ಕೈಪಿಡಿಯ ಪಟ್ಟಿಯಲ್ಲಿ 18 ಗೇಜಿಗೆ 10 ಆಂಪಿಯರ್ ಬ್ರೇಕರ್ ಇದ್ದರೆ 22 ಗೇಜಿಗೆ ಇರುವುದು 5 ಮಾತ್ರ, 22ಡಿ ಪಿನ್ನಿನ ಮಿತಿಯೂ 5 ಆಂಪಿಯರ್. ಎರಡು ತುಂಡುಗಳನ್ನು ಸಮಾಂತರವಾಗಿ ಹಾಕಿದಾಗಲೂ ಒಂದು ಕಡಿದರೆ ಇಡೀ ಹೊರೆ ಇನ್ನೊಂದರ ಮೇಲೆ ಬೀಳುವುದರಿಂದ, ತಯಾರಕರು ಸ್ಪಷ್ಟವಾಗಿ ಹೇಳದ ಹೊರತು ಬ್ರೇಕರನ್ನು ದೊಡ್ಡದು ಮಾಡಬಾರದು.

ಪಿನ್ ಕ್ರಿಂಪ್ ಮಾಡುವಾಗ ಎಂ22520/2-01 ಮಾದರಿಯ ರ‍್ಯಾಚೆಟ್ ಉಪಕರಣವನ್ನು, ಆ ಪಿನ್ನಿಗೆ ಹೇಳಿದ ಪೊಸಿಷನರ್ (ಪಿನ್ನನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಭಾಗ) ಹಾಕಿ, ಅದರ ಫಲಕದಲ್ಲಿ 22 ಗೇಜಿಗೆ ಬರೆದಿರುವ ಸಂಖ್ಯೆಗೆ ತಿರುಗಿಸಿ ಬಳಸಬೇಕು. ಬ್ಯಾರೆಲ್ಲಿನ ಪಕ್ಕದ ಸಣ್ಣ ಕಿಂಡಿಯಲ್ಲಿ ಎಳೆಗಳು ಕಾಣಬೇಕು. ಹೊದಿಕೆ ಬ್ಯಾರೆಲ್ಲಿನೊಳಗೆ ಸಿಕ್ಕಿಕೊಂಡಿರಬಾರದು. ಕೆಲಸಕ್ಕೆ ಮುನ್ನ ಒಂದೆರಡು ಮಾದರಿ ಪಿನ್ನುಗಳನ್ನು ಕ್ರಿಂಪ್ ಮಾಡಿ ಎಳೆದು ನೋಡುವುದು ನನ್ನ ಪದ್ಧತಿ: 22 ಗೇಜಿನ ಕ್ರಿಂಪ್ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ಎಳೆತವನ್ನು ತಡೆಯಬೇಕು. ಆ ಮಾದರಿಗಳನ್ನು ವಿಮಾನಕ್ಕೆ ಹಾಕದೆ ಎಸೆಯಬೇಕು. ಕೊನೆಗೆ ಪಿನ್ನನ್ನು ಹಿಂದಿನಿಂದ ತಳ್ಳಿದಾಗ ಟಿಕ್ ಎಂದು ಕೂರುವುದು ಬೆರಳಿಗೆ ತಿಳಿಯುತ್ತದೆ. ಆಗ ತಂತಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಪಿನ್ನಿನ ತುದಿ ಮುಂಭಾಗದಲ್ಲಿ ಉಳಿದವುಗಳ ಮಟ್ಟದಲ್ಲೇ ನಿಂತಿದೆಯೇ ಎಂದು ಬೆಳಕು ಹಿಡಿದು ನೋಡಿದ ಮೇಲಷ್ಟೇ ಬ್ಯಾಕ್‌ಶೆಲ್ ಮುಚ್ಚಬೇಕು.