ಕಪ್ಪು ಟ್ಯಾಂಕಿಗೆ ಪಿವಿಸಿ ಪೈಪ್: ಅಂಟು ಬೇಡ, ನಿಪ್ಪಲ್ ಹಾಕಿ

ತಾರಸಿ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿಗೆ ಪಿವಿಸಿ ಪೈಪ್ ಕೂಡಿಸುವಾಗ ಸಾಲ್ವೆಂಟ್ (ಪಿವಿಸಿ ಅಂಟು), ಎಂ-ಸೀಲ್ (ನಾದಿ ಮೆತ್ತುವ ಪುಟ್ಟಿ) ಎರಡನ್ನೂ ನಂಬಬೇಡಿ. ರಬ್ಬರ್ ವಾಷರ್ ಇರುವ ಟ್ಯಾಂಕ್ ನಿಪ್ಪಲ್ (ಟ್ಯಾಂಕಿನ ತೂತಿಗೆ ಹಾಕುವ ಥ್ರೆಡ್ ಇರುವ ಜೋಡಣೆ) ಕೂರಿಸಿ, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ, ಪಿವಿಸಿ ಎಫ್‌ಟಿಎ (ಒಳಗೆ ಥ್ರೆಡ್ ಇರುವ ಪೈಪ್ ಜೋಡಣೆ) ತಿರುಗಿಸಿ. ಸಾಲ್ವೆಂಟ್ ಪಿವಿಸಿಯ ಮೇಲ್ಮೈ ಕರಗಿಸಿ ಬೆಸೆಯುತ್ತದೆ. ಟ್ಯಾಂಕಿನ ಪಾಲಿಥಿನ್ ಅದಕ್ಕೆ ಜಗ್ಗುವುದೇ ಇಲ್ಲ. ಮೇಲಾಗಿ ಬಿಸಿಲಿಗೆ ಪಾಲಿಥಿನ್ ಪಿವಿಸಿಗಿಂತ ಸುಮಾರು 2 ಪಟ್ಟು ಹಿಗ್ಗುತ್ತದೆ, ಗಟ್ಟಿಯಾದ ಎಂ-ಸೀಲ್ ಚಕ್ಕೆಯಾಗಿ ಏಳುತ್ತದೆ, ರಬ್ಬರ್ ಮಾತ್ರ ಹೊಂದಿಕೊಳ್ಳುತ್ತದೆ. ತೂತನ್ನು ಹೋಲ್ ಸಾ ಎಂಬ ದುಂಡು ಗರಗಸದಿಂದಲೇ ಕೊರೆದು ಅಂಚಿನ ಸಿಪ್ಪೆಯನ್ನು ಬ್ಲೇಡಿನಲ್ಲಿ ಹೆರೆಯಿರಿ, ನೀರು ಜಿನುಗುವುದು ಅಲ್ಲೇ. (ಕಾದ ಸರಳಿನಿಂದ ಸುಟ್ಟು ತೂತು ಮಾಡುವವರಿಗೆ ದೊಡ್ಡ ನಮಸ್ಕಾರ.) ಟ್ಯಾಂಕಿನ ಉಬ್ಬು ಪಟ್ಟಿಯ ಮೇಲೋ ಬಿರುಕಿನ ಪಕ್ಕದಲ್ಲೋ ಹಾಕಿದರೆ ಇದೂ ಸೋರುತ್ತದೆ, ವಾಷರ್ ಪೂರ್ತಿ ಕೂರುವಷ್ಟು ಸಮತಟ್ಟಾದ ಜಾಗ ಬೇಕು.