ಗೆಂಡೆ ಮೀನಿಗೆ ಫ್ಲೈ ಹಾಕುವವರಿಗೆ ಕೆಲವು ಸಲಹೆ

ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್ ನಗರದ ನಡುವೆ ಹರಿಯುವ ಸೌತ್ ಪ್ಲ್ಯಾಟ್ ನದಿಯಲ್ಲಿ ಸಾಮಾನ್ಯ ಗೆಂಡೆ ಮೀನು ಧಾರಾಳವಾಗಿರುವುದರಿಂದ, ತಣ್ಣೀರಿನ ಟ್ರೌಟ್ ಮೀನು ಹುಡುಕಿಕೊಂಡು ಬೆಟ್ಟ ಹತ್ತಲು ಬಿಡುವಿಲ್ಲದವರು ಕೆಲಸ ಮುಗಿದ ಮೇಲಿನ ಒಂದು ಗಂಟೆಯಲ್ಲೇ ಫ್ಲೈ ಫಿಶಿಂಗ್‌ನ, ಅಂದರೆ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ಹಗುರ ಗಾಳವನ್ನು (ಫ್ಲೈ) ಎಸೆದು ಮೀನು ಹಿಡಿಯುವ ಆಟದ, ಸುಖ ಕಾಣಬಹುದು. 1877ರಲ್ಲಿ ಅಮೆರಿಕ ಸರ್ಕಾರವೇ ಆಹಾರಕ್ಕೆಂದು ಯುರೋಪಿನಿಂದ ತರಿಸಿದ ಈ ಮೀನನ್ನು ಇಂದು ಅನೇಕರು ಕಸವೆಂದು ತಳ್ಳಿಹಾಕುತ್ತಾರೆ. ಅದರ ಜಾಣತನ ಹಿಡಿಯಲು ಹೋದವರಿಗಷ್ಟೇ ಗೊತ್ತು.

ಮೊದಲು ಮೀನನ್ನು ಕಣ್ಣಾರೆ ಕಾಣಬೇಕು. ಮೇಲ್ಪದರದಲ್ಲಿ ಬಿಸಿಲು ಕಾಯುತ್ತ ನಿಂತ ಮೀನು ಸಾಮಾನ್ಯವಾಗಿ ಏನನ್ನೂ ಮುಟ್ಟುವುದಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ತಳವನ್ನು ಕೆದಕುತ್ತ, ಹೊಗೆಯಂತೆ ಕೆಸರು ಎಬ್ಬಿಸುತ್ತಿರುವುದನ್ನೇ ಆರಿಸಿಕೊಳ್ಳಿ. ಗೆಂಡೆಯ ಗಾಳಿಚೀಲವು ಸಣ್ಣ ಮೂಳೆಗಳ ಸರಣಿಯ ಮೂಲಕ ಒಳಕಿವಿಗೆ ಸೇರಿಕೊಂಡಿರುವುದರಿಂದ ಅದರ ಕಿವಿ ಬಹಳ ಚುರುಕು; ಬೂಟಿನಡಿ ಕಲ್ಲು ಉರುಳಿದರೆ ಆಟ ಮುಗಿಯಿತು. ಆದ್ದರಿಂದ ಫ್ಲೈಯನ್ನು ತಲೆಯ ಮೇಲೆ ಬೀಳಿಸದೆ, ಎರಡು ಮೂರು ಅಡಿ ಆಚೆಗೆ ಎಸೆದು, ರಾಡ್ ಎತ್ತಿ ನೀರಿನ ಮೇಲ್ಮೈಯಲ್ಲೇ ಮೆಲ್ಲಗೆ ಎಳೆದುತಂದು, ಮೂತಿಯ ಮುಂದೆ ಒಂದು ಗೇಣು ದೂರದಲ್ಲಿ ಮುಳುಗಲು ಬಿಡಿ.

ಕಚ್ಚಿದ್ದು ಹಲವು ಬಾರಿ ಕೈಗೆ ತಿಳಿಯುವುದೇ ಇಲ್ಲ, ಕಣ್ಣಿಗಷ್ಟೇ ತಿಳಿಯುತ್ತದೆ. ಮೀನು ತಲೆ ಹೊರಳಿಸಿ, ದಪ್ಪ ತುಟಿಯನ್ನು ಮುಂದಕ್ಕೆ ಚಾಚಿ, ಬೆಳ್ಳಗಿನ ಬಾಯಿ ಮಿಂಚಿದ ಕ್ಷಣವೇ, ರಾಡ್ ಎತ್ತದೆ ದಾರವನ್ನು ಎಡಗೈಯಿಂದ ನೇರವಾಗಿ ಎಳೆಯಿರಿ. ನನಗಂತೂ ಇಡೀ ಆಟದಲ್ಲಿ ಈ ಅರೆಕ್ಷಣವೇ ಎಲ್ಲಕ್ಕಿಂತ ಪ್ರಿಯ. 8ನೇ ನಂಬರಿನ (ದೊಡ್ಡ ಮೀನನ್ನು ತಡೆಯುವಷ್ಟು ಗಟ್ಟಿಯಾದ) ರಾಡ್, ಒಳ್ಳೆಯ ಬ್ರೇಕಿರುವ ರೀಲು ಸಾಕು. ಕೊಲೊರಾಡೋದ ಮೀನುಗಾರಿಕೆ ಪರವಾನಗಿಯನ್ನು ಮರೆಯದೆ ಜೇಬಿನಲ್ಲಿಟ್ಟುಕೊಳ್ಳಿ.