ಚರ್ಚಿನಲ್ಲೂ ಚೆಕ್‌ರೋಲ್

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಗ್ಗೆ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಆಳುಗಳ ಲೆಕ್ಕ, ಸಂಜೆ ಕೊಯ್ದ ಹಣ್ಣಿನ ತೂಕ. ಎಣಿಸುವುದೇ ನನ್ನ ಹೊಟ್ಟೆಪಾಡು. ಭಾನುವಾರ ಚರ್ಚಿನಲ್ಲಿ ಹಾಡು ನಡೆಸುವವನೂ ನಾನೇ. ಮೂರು ವರ್ಷದ ಹಿಂದೆ ಒಮ್ಮೆ ಆರಾಧನೆ ಮುಗಿಸಿ ಬರುವಾಗ ಹೆಂಡತಿಗೆ ಹೇಳುತ್ತಿದ್ದೆ: "ಇವತ್ತು 52 ಜನ. ಹೋದ ವಾರ 61 ಇತ್ತು. ಎಡಗಡೆ ಸಾಲಿನವರು ಎರಡನೇ ಹಾಡಿಗೆ ಬಾಯೇ ಬಿಡಲಿಲ್ಲ."

"ಅಲ್ಲೂ ಚೆಕ್‌ರೋಲ್ ಬರೀತೀರೇನ್ರೀ?" ಅಂದಳು, ನಗುತ್ತಲೇ.

ಆ ರಾತ್ರಿ ನಿದ್ದೆ ಹತ್ತಲಿಲ್ಲ ಎಂದೇನಲ್ಲ, ಚೆನ್ನಾಗಿಯೇ ಮಲಗಿದೆ. ಸಿಕ್ಕಿಬಿದ್ದದ್ದು ಮುಂದಿನ ಭಾನುವಾರ. ಪಾಪದ ಅರಿಕೆಯ ಹೊತ್ತು, ಎಲ್ಲರೂ ತಲೆ ಬಗ್ಗಿಸಿದ್ದಾರೆ, ನಾನೊಬ್ಬ ಕಣ್ಣು ಬಿಟ್ಟುಕೊಂಡು ಬಗ್ಗಿದ ತಲೆಗಳನ್ನು ಎಣಿಸುತ್ತಿದ್ದೇನೆ.

ಮೊದಲು ಮಾಡಿದ್ದು ರೈಟರ್ ಬುದ್ಧಿಯ ಕೆಲಸ. ಹಿಂದಿನ ಎರಡು ತಿಂಗಳ ಹಾಡಿನ ಪಟ್ಟಿ ತೆಗೆದು, 'ನಾನು', 'ನನ್ನ', 'ನನಗೆ' ಬಂದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಪುಟ ಕೆಂಪಾಯಿತು. ದೇವರ ಬಗ್ಗೆ ಹಾಡುತ್ತೇವೆಂದುಕೊಂಡು ನಮ್ಮ ಬಗ್ಗೆಯೇ ಹಾಡುತ್ತಿದ್ದೇವೆ ಎಂದು ಅರ್ಧದಷ್ಟು ಹಾಡು ಬಿಟ್ಟುಬಿಟ್ಟೆ. ಆಮೇಲೆ ಬೈಬಲಿನ ಕೀರ್ತನೆಗಳ ಪುಸ್ತಕ ತೆರೆದರೆ ಅಲ್ಲೂ ಅದೇ 'ನಾನು'. ಅತ್ತೆನು, ಕೂಗಿದೆನು, ಎಲುಬುಗಳು ಸವೆದವು. ಕೀರ್ತನೆಗಾರ ರಾಜ ದಾವೀದನ ಮೇಲೂ ಕೆಂಪು ಗೆರೆ ಎಳೆಯಬೇಕಾಗುತ್ತಿತ್ತು. ಪೆನ್ನು ಜೇಬಿಗೆ ಹಾಕಿದೆ.

ದಾರಿ ತೋರಿಸಿದ್ದು 73ನೆಯ ಕೀರ್ತನೆ. ಅದು ಆಸಾಫನದು. ಈ ಆಸಾಫ ಯಾರೆಂದರೆ, ಮಂಜೂಷದ, ಅಂದರೆ ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯ, ಮುಂದೆ ಹಾಡು ನಡೆಸಲು ದಾವೀದ ನೇಮಿಸಿದ ಮುಖ್ಯಸ್ಥ, ತಾಳ ಹಾಕುವವನು. ಅಂದರೆ ನನ್ನದೇ ಕೆಲಸ! 12 ಕೀರ್ತನೆಗಳ ತಲೆಯ ಮೇಲೆ ಅವನ ಹೆಸರಿದೆ. ಅಂಥವನೇ ಇಲ್ಲಿ, ದುಷ್ಟರ ಸೌಖ್ಯ ನೋಡಿ ಹೊಟ್ಟೆಕಿಚ್ಚುಪಟ್ಟೆ, ಇನ್ನೇನು ಕಾಲು ಜಾರಿತ್ತು ಎನ್ನುತ್ತಾನೆ. ಅವರಿಗೆ ಕಷ್ಟವಿಲ್ಲ, ಮೈ ಕೊಬ್ಬಿದೆ, ಆಸ್ತಿ ಬೆಳೆಯುತ್ತಿದೆ ಎಂದು ಲೆಕ್ಕ ಕೊಡುತ್ತಾ ಹೋಗುತ್ತಾನೆ. 17ನೆಯ ವಚನದಲ್ಲಿ ದೇವರ ಆಲಯಕ್ಕೆ ಕಾಲಿಡುತ್ತಾನೆ. 18ರಿಂದ ಮಾತಿನ ದಿಕ್ಕೇ ಬೇರೆ. ಅಲ್ಲಿಯವರೆಗೆ 'ಅವರು, ಅವರು' ಎನ್ನುತ್ತಿದ್ದವನು 'ನೀನು' ಎಂದು ದೇವರ ಕಡೆಗೆ ತಿರುಗುತ್ತಾನೆ. ಕೊನೆಗೆ, ಪರಲೋಕದಲ್ಲಿ ನಿನ್ನನ್ನು ಬಿಟ್ಟರೆ ನನಗೆ ಇನ್ಯಾರಿದ್ದಾರೆ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. 'ನಾನು' ಅಲ್ಲೂ ಹೋಗಿಲ್ಲ, ಮುಖ ಮಾತ್ರ ತಿರುಗಿದೆ.

ಹಾಗಾಗಿ ಬಿಟ್ಟ ಹಾಡುಗಳನ್ನು ಮತ್ತೆ ತಂದೆ. ಬದಲಿಸಿದ್ದು ಅನುಕ್ರಮವನ್ನು. ಮೊದಲ ಹಾಡು ದೇವರು ಯಾರು, ಏನು ಮಾಡಿದ ಎಂಬುದೇ ಆಗಬೇಕು. ನಮ್ಮ ಅಳಲು ಆಮೇಲೆ. ಪ್ರಾರ್ಥನೆಗೂ ಹಾಗೇ ಮಾಡೋಣವೇ ಎಂದು ಸಭಾಪಾಲಕರನ್ನು ಕೇಳಿದೆ. ನಮ್ಮಲ್ಲಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಯಿತೆಂದರೆ ಬಾಯಿ ತೆರೆದ ಕೂಡಲೇ ಮಳೆ ಕೊಡು ಕರ್ತನೇ ಎಂಬುದೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲಾದರೂ ದೇವರ ನಾಮ, ರಾಜ್ಯ, ಚಿತ್ತ, ಈ ಮೂರೂ ಮುಗಿದ ಮೇಲೆಯೇ ರೊಟ್ಟಿಯ ಮಾತು. ಅವರು ಒಪ್ಪಿದರು. ತೋಟದವರಲ್ಲಿ ಒಂದಿಬ್ಬರು ಗೊಣಗಿದರು. ಗಿಡ ಒಣಗುತ್ತಿರುವಾಗ ಪೀಠಿಕೆ ಯಾಕೆ ಅಂತ. ಅವರ ಸಂಕಟ ನನಗೆ ಗೊತ್ತು, ನನ್ನ ಸಂಬಳವೂ ಅದೇ ಗಿಡದಿಂದಲೇ ಬರಬೇಕು.

ಇನ್ನು ನನ್ನ ಕಣ್ಣು. ಹಾಡುವವರೆಲ್ಲ ಮುಂದೆ, ಸಭೆಗೆ ಮುಖಮಾಡಿ ನಿಲ್ಲುತ್ತಿದ್ದೆವು. ಈಗ ಪಕ್ಕಕ್ಕೆ ಸರಿದು, ನಾವೂ ಶಿಲುಬೆಯ ಕಡೆಗೇ ತಿರುಗಿ ನಿಲ್ಲುತ್ತೇವೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ಕಾಣದ ತಲೆಯನ್ನು ಎಣಿಸಲಾಗುವುದಿಲ್ಲ. ಜೊತೆಗೆ ಶನಿವಾರ ರಾತ್ರಿ ಮಾರನೆಯ ದಿನದ ಕೀರ್ತನೆಯನ್ನು ಗಟ್ಟಿಯಾಗಿ ಓದಿ ಮಲಗುತ್ತೇನೆ. ಭಾನುವಾರ ಅರ್ಧ ಗಂಟೆ ಮೊದಲೇ ಹೋಗಿ, ವೈರು ಮೈಕು ಮುಟ್ಟದೆ ಸುಮ್ಮನೆ ಬೆಂಚಿನಲ್ಲಿ ಕೂರುತ್ತೇನೆ. ಮೊದಲ ಹತ್ತು ನಿಮಿಷ ತೋಟದ ಲೆಕ್ಕವೇ ಬರುತ್ತದೆ. 2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಾರಿದಾಗಲಂತೂ ಯಾರ ಮನೆಗೆ ಯಾವ ಹೊಸ ಕಾರು ಬಂತೆಂಬುದೇ ತಲೆಯೊಳಗೆ. ಆಸಾಫನ ಕಾಲು ಜಾರಿದ ಜಾಗದಲ್ಲೇ ನಾನೂ ನಿಂತಿದ್ದೆ.

ಒಂದು ಮಳೆಗಾಲ ಕರೆಂಟು ಹೋಗಿ, ಕೀಬೋರ್ಡು ನಿಂತು, ಬರೀ ಕಂಠದಲ್ಲಿ ಹಾಡಿದಾಗ ದೇವರ ಸಾನ್ನಿಧ್ಯ ಇಳಿದು ಬಂತು ಎಂದು ಬರೆಯಬಹುದಿತ್ತು. ಆದರೆ ಮಲೆನಾಡಿನಲ್ಲಿ ಜೋರು ಮಳೆ ಬಂದಾಗಲೆಲ್ಲ ಕರೆಂಟು ಹೋಗುತ್ತದೆ. ಹಂಚಿನ ಸದ್ದಿನಲ್ಲಿ ಶ್ರುತಿ ತಪ್ಪಿ ಹಾಡಿ ಮನೆಗೆ ಬಂದೆವು, ಅಷ್ಟೇ.

ಆರಾಧನೆಗೆ ಮೊದಲು ಎರಡು ನಿಮಿಷದ ಮೌನ ಇಡಿಸಿದ್ದೂ ಕೈಗೂಡಲಿಲ್ಲ. ಮಕ್ಕಳು ಅತ್ತವು, ದೊಡ್ಡವರು ಗಡಿಯಾರ ನೋಡಿದರು, ಮೂರೇ ವಾರಕ್ಕೆ ನಿಂತಿತು. ಮತ್ತೆ ಕೇಳಲು ಹೋಗಿಲ್ಲ.

ಈ ಜನವರಿಯಲ್ಲಿ ಕೊಯ್ಲಿನ ಭರ. ಹೆಂಡತಿಗೆ ಜ್ವರ, ನಾನೊಬ್ಬನೇ ಹೋಗಿದ್ದೆ. ಮಧ್ಯಾಹ್ನ ಗಂಜಿ ಕೊಡುವಾಗ ಕೇಳಿದಳು, "ಎಷ್ಟು ಜನ ಬಂದಿದ್ರು?"

ಯೋಚಿಸಿದೆ. ಹೊಳೆಯಲಿಲ್ಲ. "ಕೀಬೋರ್ಡಿನ ಒಂದು ಮನೆ ಒತ್ತಿದರೆ ಮೇಲೇಳ್ತಿಲ್ಲ ಕಣೆ, ರಿಪೇರಿ ಮಾಡಿಸ್ಬೇಕು" ಅಂದೆ.